ಕಿವಿಗೆ ಕನ್ನಡ, ಕೈಗೆ ಇಂಗ್ಲಿಷ್ ಎಂಬ ಹಂಚಿಕೆ

ದೃಷ್ಟಿಯಿಲ್ಲದವರು ಕನ್ನಡದಲ್ಲಿ ಬರೆಯುವ ವಿಚಾರ ಎತ್ತಿದರೆ ಸಾಕು, ಈಚೆಗೆ ಒಂದು ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಫೋನು ಕನ್ನಡವನ್ನು ಓದಿ ಹೇಳುತ್ತದೆ, ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಇನ್ನು ಅವರಿಗೆ ಕನ್ನಡದ ಕೀಲಿ ವಿನ್ಯಾಸ ಕಲಿಸುವ ಗೋಜು ಯಾಕೆ? ಕಂಪ್ಯೂಟರಿಗೆ ಇಂಗ್ಲಿಷ್ ಕೀಬೋರ್ಡ್ ಕಲಿಸಿ, ಕನ್ನಡಕ್ಕೆ ಮೈಕು ಕೊಡಿ, ಮುಗಿಯಿತು. ಹೀಗೆ ಹೇಳುವವರಲ್ಲಿ ತರಬೇತಿ ಕೊಡುವವರಿದ್ದಾರೆ, ಶಿಕ್ಷಕರಿದ್ದಾರೆ, ತಂತ್ರಜ್ಞಾನವನ್ನು ಕೊಂಡಾಡುವವರಿದ್ದಾರೆ, ಕನ್ನಡದ ಕಟ್ಟಾಳುಗಳೂ ಇದ್ದಾರೆ. ಕೆಲವು ಸಲ ದೃಷ್ಟಿಯಿಲ್ಲದವರೇ ಹಾಗೆ ಹೇಳುವುದುಂಟು; ಬೇರೆ ದಾರಿಯನ್ನು ಯಾರೂ ತೋರಿಸದಿದ್ದಾಗ ಇರುವ ದಾರಿಯೇ ಸರಿ ಅನ್ನಿಸುವುದು ಸಹಜ. ಈ ಅಭಿಪ್ರಾಯ ತಪ್ಪು, ಅಪಾಯದ ತಪ್ಪು. ಅದು ಕನ್ನಡಿಗರ ಒಂದು ಸಮುದಾಯವನ್ನೇ ತನ್ನ ಭಾಷೆಯ ಬರವಣಿಗೆಯಿಂದ ಹೊರಗಿಟ್ಟಿದೆ, ಹೊರಗಿಟ್ಟು ಅದನ್ನು ಸೌಲಭ್ಯ ಎಂದು ಕರೆದಿದೆ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಪರದೆಯ ಮೇಲಿರುವುದನ್ನು ಧ್ವನಿಯಾಗಿ ಓದುವ ತಂತ್ರಾಂಶ ಸ್ಕ್ರೀನ್ ರೀಡರ್. ‘ಜಾಸ್’ ಎಂಬುದು 1989ರಲ್ಲೇ, ಡಾಸ್ ಕಾಲದಲ್ಲಿ ಬಂತು. ಅದನ್ನು ಹಣ ಕೊಟ್ಟು ಕೊಳ್ಳಬೇಕು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಯಿಲ್ಲದ ಯುವಕ ತನಗಾಗಿ, ತನ್ನಂಥವರಿಗಾಗಿ ಬರೆಯತೊಡಗಿದ ‘ಎನ್‌ವಿಡಿಎ’ ಉಚಿತ, ಮುಕ್ತ ತಂತ್ರಾಂಶ. ನಮ್ಮಲ್ಲಿ ಬಡವರ ಮನೆಯ ಅಂಧ ವಿದ್ಯಾರ್ಥಿಗೂ ಕಂಪ್ಯೂಟರ್ ಕೈಗೆಟುಕಿದ್ದಕ್ಕೆ ಇದೇ ದೊಡ್ಡ ಕಾರಣ. ಅದರ ಜೊತೆಗೇ ಬರುವ ‘ಈಸ್ಪೀಕ್’ ಧ್ವನಿ ಕನ್ನಡವನ್ನೂ ಮಾತಾಡುತ್ತದೆ. ಯಂತ್ರದ ಒರಟು ದನಿ ನಿಜ, ಆದರೆ ಅಕ್ಷರ ಬಿಡದೆ ಓದುತ್ತದೆ.

ಪರದೆ ಕಾಣದವರಿಗೆ ಮೌಸಿನಿಂದ ಪ್ರಯೋಜನವಿಲ್ಲ. ಫೈಲು ತೆರೆಯುವುದು, ಪುಟದಲ್ಲಿ ಓಡಾಡುವುದು, ಮಾತನ್ನು ನಿಲ್ಲಿಸುವುದು ಎಲ್ಲವೂ ಕೀಲಿಗಳಿಂದಲೇ ಆಗಬೇಕು. ಹಾಗಾಗಿ ಒಂದೇ ಕೀಲಿಗೆ ಹಲವು ಕೆಲಸ ಬೀಳುತ್ತದೆ. ಇಂಗ್ಲಿಷ್ ವಿನ್ಯಾಸದಲ್ಲಿ ‘ಕೆ’ ಆಗಿರುವ ಕೀಲಿ, ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಬದಲಾದಾಗ ‘ಕ’. ಅದೇ ಕೀಲಿ ಎನ್‌ವಿಡಿಎ ಇಟ್ಟುಕೊಂಡು ವೆಬ್ ಪುಟ ಓದುವಾಗ ಮುಂದಿನ ಕೊಂಡಿಗೆ ಹಾರಿಸುವ ಆಜ್ಞೆ. ಅದೇ ಸಾಲಿನಲ್ಲಿರುವ ‘ಎಚ್’ ಕನ್ನಡದಲ್ಲಿ ‘ಪ’, ಪುಟದಲ್ಲಿ ಮುಂದಿನ ಶೀರ್ಷಿಕೆಗೆ ಹಾರುವ ದಾರಿ. ಈಗ ಯಾವ ಕೆಲಸ ನಡೆಯುತ್ತಿದೆ ಎಂಬುದು ಬೆರಳಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗಬೇಕು. ಕಣ್ಣಿದ್ದವರು ಪರದೆಯ ಬಲತುದಿಯಲ್ಲಿರುವ ಪುಟ್ಟ ಭಾಷಾ ಗುರುತನ್ನು ನೋಡಿ ಮುಂದುವರಿಯುತ್ತಾರೆ. ಇಲ್ಲದವರಿಗೆ ಆ ಗುರುತು ಮಾತಾಗಿ ಬರಬೇಕು. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ, ಎನ್‌ವಿಡಿಎ ಹೊಸ ವಿನ್ಯಾಸದ ಹೆಸರನ್ನು ಹೇಳುತ್ತದೆ. ಅಷ್ಟೇ ಕೆಲಸ.

ಆ ಅಷ್ಟೇ ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನು ಕನ್ನಡದ ತಂತ್ರಾಂಶ ಮಾಡುವವರು ಕೂತು ಕೇಳಬೇಕು. ಕನ್ನಡ ವಿನ್ಯಾಸವು ಆಪರೇಟಿಂಗ್ ಸಿಸ್ಟಮ್ಮಿನ ಭಾಗವಾಗಿದ್ದರೆ ಭಾಷೆ ಬದಲಾದದ್ದು ಸ್ಕ್ರೀನ್ ರೀಡರಿಗೆ ತಿಳಿಯುತ್ತದೆ. ಬೇರೊಂದು ತಂತ್ರಾಂಶ ನಡುವೆ ನಿಂತು, ಒತ್ತಿದ ಇಂಗ್ಲಿಷ್ ಕೀಲಿಯನ್ನು ತಡೆದು ಅದರ ಜಾಗದಲ್ಲಿ ಕನ್ನಡ ಅಕ್ಷರವನ್ನು ತುರುಕುವಂತಿದ್ದರೆ, ಸಿಸ್ಟಮ್ಮಿನ ಲೆಕ್ಕದಲ್ಲಿ ಭಾಷೆ ಇನ್ನೂ ಇಂಗ್ಲಿಷೇ. ರೀಡರ್ ಏನೂ ಹೇಳುವುದಿಲ್ಲ. ಬರೆಯುವವನಿಗೆ ತಾನು ಯಾವ ಲಿಪಿಯಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಪಾಸ್‌ವರ್ಡ್ ಹಾಕುವ ಜಾಗದಲ್ಲಂತೂ ಪ್ರತಿ ಕೀಲಿಗೂ ‘ನಕ್ಷತ್ರ, ನಕ್ಷತ್ರ’ ಎಂದಷ್ಟೇ ಕೇಳುತ್ತದೆ. ವಿನ್ಯಾಸ ಕನ್ನಡದಲ್ಲಿ ಉಳಿದಿದ್ದರೆ ಪಾಸ್‌ವರ್ಡ್ ಸರಿಯಾಗಿ ಒತ್ತಿಯೂ ತಪ್ಪಾಗುತ್ತದೆ, ಕೆಲವು ಸಲ ತಪ್ಪಿದರೆ ಖಾತೆಯೇ ಮುಚ್ಚಿಕೊಳ್ಳುತ್ತದೆ. ಇದರ ಮೇಲೆ ಓದುವ ಧ್ವನಿಯ ಭಾಷೆ ಬೇರೆ. ಕೈ ಕನ್ನಡದಲ್ಲಿದ್ದು ಧ್ವನಿ ಇಂಗ್ಲಿಷಿನದಾಗಿದ್ದರೆ, ಎಷ್ಟೋ ಇಂಗ್ಲಿಷ್ ಧ್ವನಿಗಳು ಕನ್ನಡದ ಅಕ್ಷರ ಬಂದಾಗ ಸುಮ್ಮನಾಗಿಬಿಡುತ್ತವೆ. ಪುಟವೊಂದರ ಒಳಗೆ ‘ಇದು ಕನ್ನಡ’ ಎಂದು ಗುರುತು ಹಾಕಿದ್ದರೆ ರೀಡರ್ ತಾನೇ ಧ್ವನಿ ಬದಲಿಸಿಕೊಳ್ಳಬಲ್ಲದು; ಎಷ್ಟೋ ಕನ್ನಡ ಪುಟಗಳು ಒಳಗೆ ತಮ್ಮನ್ನು ಇಂಗ್ಲಿಷ್ ಎಂದೇ ಘೋಷಿಸಿಕೊಂಡಿರುತ್ತವೆ. ಪುಟದ ಭಾಷೆಯನ್ನು ಗುರುತಿಸಬೇಕೆಂಬುದು 2008ರ ಅಂತರರಾಷ್ಟ್ರೀಯ ವೆಬ್ ಸುಗಮ್ಯತಾ ಮಾರ್ಗಸೂಚಿಯಲ್ಲಿ ಎಲ್ಲಕ್ಕಿಂತ ಕೆಳಗಿನ, ಅಂದರೆ ಕಡ್ಡಾಯವಾಗಿ ಮುಟ್ಟಲೇಬೇಕಾದ ಮಟ್ಟದಲ್ಲಿದೆ. ಒಂದು ಸಾಲಿನ ಕೆಲಸ ಅದು.

‘ನೋಡಿ, ಎಷ್ಟು ತೊಡಕು! ಅದಕ್ಕೇ ನಾವು ಬೇಡ ಎನ್ನುವುದು’ ಎಂದು ಎದುರುಪಕ್ಷ ಇಲ್ಲಿ ಖುಷಿಪಡಬಹುದು. ಆದರೆ ಮೇಲೆ ಹೇಳಿದ ತೊಡಕುಗಳಲ್ಲಿ ದೃಷ್ಟಿಯಿಲ್ಲದಿರುವುದರಿಂದ ಹುಟ್ಟಿದ್ದು ಒಂದೂ ಇಲ್ಲ. ಎಲ್ಲವೂ ಯಾರೋ ಸರಿಯಾಗಿ ಮಾಡದೆ ಬಿಟ್ಟ ಕೆಲಸಗಳು. ರಷ್ಯನ್, ಗ್ರೀಕ್, ಅರಬ್ಬಿ, ಹೀಬ್ರೂ ಬರೆಯುವ ಅಂಧರೆಲ್ಲ ಲ್ಯಾಟಿನ್ ಅಲ್ಲದ ಲಿಪಿಯವರೇ. ಇಂಗ್ಲಿಷ್ ವಿನ್ಯಾಸದಿಂದ ತಮ್ಮ ವಿನ್ಯಾಸಕ್ಕೆ, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಓಡಾಡುವುದು ಅವರ ದಿನನಿತ್ಯದ ಬದುಕು. ಅವರ ಬೆರಳುಗಳಿಗೆ ಸಾಧ್ಯವಾದದ್ದು ಬಳ್ಳಾರಿಯ ಹುಡುಗಿಯ ಬೆರಳುಗಳಿಗೆ ಸಾಧ್ಯವಿಲ್ಲ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸಿದರು?

ನಿಜಕ್ಕೂ ಕನ್ನಡವು ಕಿವಿಯಿಂದ ಬರೆಯುವವರಿಗೆ ಹೇಳಿಮಾಡಿಸಿದ ಭಾಷೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚರ್ಚೆಯಲ್ಲಿ ಯಾರೂ ಇದನ್ನು ಎತ್ತುವುದಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಎಂದು ರೂಪಿಸಿತು. ಸ್ವರಗಳು ಹೆಚ್ಚುಕಡಿಮೆ ಎಲ್ಲವೂ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕೀಲಿಮಣೆಯ ಮೇಲೆ ಬೆರಳಿಗೆ ತಾಕುವ ಎರಡು ಗುಬುಟುಗಳಿವೆಯಲ್ಲ, ಎಡಗಡೆಯ ಗುಬುಟಿನ ಕೀಲಿಯಲ್ಲಿ ಗುಡಿಸು, ಬಲಗಡೆಯದರಲ್ಲಿ ‘ರ’. ಎಡಗೈಯ ನಡುಬೆರಳ ಕೆಳಗೆ ವ್ಯಂಜನದ ಸ್ವರ ತೆಗೆಯುವ ವಿರಾಮ. ‘ಕ’ ಇರುವಲ್ಲೇ ಶಿಫ್ಟ್ ಹಿಡಿದರೆ ‘ಖ’, ‘ಗ’ ಇರುವಲ್ಲಿ ‘ಘ’. ವರ್ಣಮಾಲೆಯನ್ನು ಬಾಯಿಪಾಠ ಕಲಿತ ಮಗುವಿಗೆ ಈ ತರ್ಕ ಮೊದಲೇ ಗೊತ್ತು. ಇದಕ್ಕಿಂತ ಮುಖ್ಯವಾದದ್ದು, ಇಲ್ಲಿ ಒಂದು ಒತ್ತಿಗೆ ಒಂದು ಸಂಕೇತ, ಒಂದು ಸಂಕೇತಕ್ಕೆ ಒಂದು ಉಲಿ. ‘ಸ್ತ್ರೀ’ ಎಂದು ಬರೆಯಲು ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಆರು ಸಲ ಒತ್ತಬೇಕು. ಯೂನಿಕೋಡಿನಲ್ಲಿ ಉಳಿಯುವುದೂ ಅವೇ ಆರು ಸಂಕೇತ. ಒತ್ತಿದ ಅಕ್ಷರವನ್ನು ಹೇಳುವ ಸೌಲಭ್ಯ ತೆರೆದಿಟ್ಟುಕೊಂಡರೆ ಕಿವಿಗೆ ಬೀಳುವುದೂ ಅವೇ ಆರು. ಕಣ್ಣಿದ್ದವರಿಗೆ ತ ಒತ್ತು ಎಲ್ಲಿ ಕೂತಿತು, ರ ಒತ್ತು ಅದರ ಕೆಳಗೆ ಹೋಯಿತೇ ಎಂಬ ತಲೆನೋವಿದೆ; ಕೇಳಿ ಬರೆಯುವವರಿಗೆ ಅದೂ ಇಲ್ಲ.

ಬ್ರೈಲ್ ಕಲಿತ ಮಗುವಿಗೆ ಇದು ಇನ್ನೂ ಹತ್ತಿರ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ‘ಭಾರತಿ ಬ್ರೈಲ್’ ಒಪ್ಪಿಗೆಯಾಯಿತು. ಕನ್ನಡ ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಹೋಗಿ ಕೂರುವುದಿಲ್ಲ. ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ, ಉಲಿಯುವ ಕ್ರಮದಲ್ಲಿ ಬರುತ್ತವೆ. ಸ್ವರ ತೆಗೆಯುವ ಚಿಹ್ನೆ ಬ್ರೈಲಿನಲ್ಲಿ ವ್ಯಂಜನಕ್ಕಿಂತ ಮೊದಲು, ಕೀಲಿಮಣೆಯಲ್ಲಿ ವ್ಯಂಜನದ ನಂತರ. ‘ಕ್ಷ’, ‘ಜ್ಞ’ಗಳಿಗೆ ಬ್ರೈಲಿನಲ್ಲಿ ಸ್ವಂತ ಚುಕ್ಕಿಮನೆಗಳಿವೆ, ಕೀಲಿಮಣೆಯಲ್ಲಿ ಅವನ್ನು ಬಿಡಿಸಿ ಒತ್ತಬಹುದು. ಇಂಥ ಕೆಲವು ವ್ಯತ್ಯಾಸಗಳನ್ನು ಬಲ್ಲ ಶಿಕ್ಷಕರು ಒಂದೆರಡು ತರಗತಿಯಲ್ಲಿ ಹೇಳಿಕೊಟ್ಟಾರು. ಆದರೆ ಬ್ರೈಲ್ ಕಲಿಸುವವರು ಕಂಪ್ಯೂಟರ್ ಕೋಣೆಗೆ ಹೋಗುವುದಿಲ್ಲ, ಕಂಪ್ಯೂಟರ್ ಕಲಿಸುವವರಿಗೆ ಬ್ರೈಲ್ ಗೊತ್ತಿರುವುದಿಲ್ಲ. ಮಗು ಬ್ರೈಲಿನಲ್ಲಿ ಬರೆದ ಕನ್ನಡವನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗಿ ಇಂಗ್ಲಿಷ್ ಅಕ್ಷರಮಾಲೆಯಿಂದ ಶುರುಮಾಡುತ್ತದೆ.

ಈಗ ಮೈಕಿನ ಮಾತಿಗೆ ಬರೋಣ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಧ್ವನಿಬರಹ ತಂದಿತು. ಅದು ಬಂದದ್ದು ಒಳ್ಳೆಯದೇ. ಮನೆಗೆ ಒಂದು ಸಂದೇಶ ಕಳಿಸಲು, ವಿಳಾಸ ಹುಡುಕಲು, ಎರಡು ಸಾಲಿನ ಉತ್ತರ ಕೊಡಲು ಅದರಿಂದ ಎಷ್ಟೋ ಅನುಕೂಲವಾಗಿದೆ, ಕಣ್ಣಿದ್ದವರಿಗೂ ಆಗಿದೆ. ನನ್ನ ತಕರಾರು ಅದನ್ನು ಬರವಣಿಗೆಯ ಜಾಗದಲ್ಲಿ ಕೂರಿಸುವುದಕ್ಕೆ. ಮೈಕಿಗೆ ಹೇಳಿದ ವಾಕ್ಯದಲ್ಲಿ ತಪ್ಪಾದರೆ ತಿದ್ದುವುದು ಹೇಗೆ? ಮತ್ತೆ ಹೇಳಬೇಕು, ಮತ್ತೆ ತಪ್ಪಿದರೆ ಮತ್ತೆ. ‘ಅದಕ್ಕೆ’ ಬೇಕಾದಲ್ಲಿ ‘ಹದಕ್ಕೆ’ ಬಿದ್ದರೆ, ‘ಬೆಳೆ’ ಎಂದದ್ದು ‘ಬೆಲೆ’ಯಾದರೆ, ಒಂದು ಅಕ್ಷರಕ್ಕೆ ಹೋಗಿ ಅದೊಂದನ್ನೇ ಅಳಿಸಿ ಬೇರೆ ಹಾಕಲು ಕೀಲಿಯೇ ಬೇಕು. ಕುಂದಾಪುರದವರ, ಧಾರವಾಡದವರ, ಚಾಮರಾಜನಗರದವರ ಬಾಯಿಮಾತು ಬೇರೆಬೇರೆ, ಮೂವರೂ ಬರೆಯುವ ಕನ್ನಡ ಬಹುಮಟ್ಟಿಗೆ ಒಂದೇ. ಆಡುವಾಗ ‘ಬರ್ತೀನಿ’, ಬರೆಯುವಾಗ ‘ಬರುತ್ತೇನೆ’. ಮೈಕಿನ ಮುಂದೆ ಕೂತವರು ಯಂತ್ರಕ್ಕೆ ಅರ್ಥವಾಗಲೆಂದು ಸುದ್ದಿ ಓದುವವರ ಹಾಗೆ ಮಾತಾಡಬೇಕು. ಕಚೇರಿಯಲ್ಲಿ ಹತ್ತು ಜನರ ನಡುವೆ ಗುಪ್ತ ಕಡತದ ಟಿಪ್ಪಣಿಯನ್ನು ಗಟ್ಟಿಯಾಗಿ ಹೇಳಬೇಕು. ತನ್ನ ಪ್ರೇಮಪತ್ರವನ್ನೋ, ವೈದ್ಯರಿಗೆ ಬರೆಯುವ ಕಾಯಿಲೆಯ ವಿವರವನ್ನೋ, ಮೇಲಧಿಕಾರಿಯ ವಿರುದ್ಧದ ದೂರನ್ನೋ ಬಾಯಿಬಿಟ್ಟು ಓದಿ ಬರೆಸುವ ಗತಿ ಕಣ್ಣಿದ್ದವರಿಗೆ ಬಂದಿದ್ದರೆ ಅದನ್ನು ಯಾರೂ ಪ್ರಗತಿ ಎನ್ನುತ್ತಿರಲಿಲ್ಲ.

ಇನ್ನೊಂದು ಹಾನಿ ಇದಕ್ಕಿಂತ ಆಳವಾದದ್ದು. ಕೇಳಿದ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ. ‘ಶ’ ಮತ್ತು ‘ಷ’ ನಮ್ಮಲ್ಲಿ ಬಹುಪಾಲು ಜನರ ಬಾಯಲ್ಲಿ ಒಂದೇ. ‘ಋ’ ಮತ್ತು ‘ರು’ ಒಂದೇ. ಎಷ್ಟೋ ಕಡೆ ಮಹಾಪ್ರಾಣ ಆಡುಮಾತಿನಿಂದ ಮಾಯವಾಗಿದೆ. ‘ವಿಷ’ದಲ್ಲಿ ಯಾವ ಷಕಾರ, ‘ಋತು’ ಶುರುವಾಗುವುದು ಯಾವ ಅಕ್ಷರದಿಂದ ಎಂಬುದನ್ನು ಕಣ್ಣಿದ್ದ ಮಗು ನೋಡಿ ನೋಡಿ ಕಲಿಯುತ್ತದೆ. ಕಾಣದ ಮಗು ಕಲಿಯಲು ಇರುವುದು ಎರಡೇ ದಾರಿ: ಬೆರಳಡಿಯ ಬ್ರೈಲ್, ಇಲ್ಲವೇ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಓದುವುದು, ಅಕ್ಷರ ಅಕ್ಷರವಾಗಿ ಒತ್ತುವುದು. ಎರಡನ್ನೂ ತಪ್ಪಿಸಿ ಬರಿಯ ಕೇಳಿಕೆಯಲ್ಲಿ ಬೆಳೆಸಿದ ಮಗು ಕನ್ನಡದಲ್ಲಿ ನೂರು ಪುಸ್ತಕ ಕೇಳಿದ್ದರೂ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲಾರದು. ಆಮೇಲೆ ನಾವೇ ‘ಇವರ ಕನ್ನಡದಲ್ಲಿ ತಪ್ಪು ಜಾಸ್ತಿ’ ಎನ್ನುತ್ತೇವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಮಾತನ್ನು ಮುಂದುವರಿಸಲಾರೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ನೂರಾರು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಅಲ್ಲಿ ಹಾಡು ಕೇಳಿಸಿ ಕಳಿಸಲಿಲ್ಲ. ಮಗುವಿನ ಕೈಯನ್ನು ಹಿಡಿದು ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಇಟ್ಟರು, ತಬಲದ ಮೇಲೆ ಇಟ್ಟರು, ಬೆರಳು ತಪ್ಪಿದಾಗ ತಿದ್ದಿದರು. ಸಂಗೀತಕ್ಕೆ ಬೆರಳಿನ ಸಾಧನೆ ಬೇಕು ಎಂದು ಒಪ್ಪುವವರು ಬರವಣಿಗೆಗೆ ಬೇಡ ಎನ್ನುವುದು ಹೇಗೆ? ಪುಟ್ಟರಾಜರು ಗಾಯಕರಷ್ಟೇ ಆಗಿರಲಿಲ್ಲ. ನಾಟಕ, ಪುರಾಣ ಬರೆದವರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದವರು, ಬ್ರೈಲ್ ಬಲ್ಲವರು. ಕಣ್ಣಿಲ್ಲದ ಕನ್ನಡ ಲೇಖಕ ಎಂಬುದು ನಮ್ಮ ನಾಡಿಗೆ ಹೊಸ ಕಲ್ಪನೆಯಲ್ಲ.

ಹೇಳಿ ಬರೆಸುವ ಪರಂಪರೆಯೇ ನಮ್ಮಲ್ಲಿದೆಯಲ್ಲ, ವ್ಯಾಸರು ಹೇಳಿದರು ಗಣಪತಿ ಬರೆದ ಎಂದು ಕೆಲವರು ಕೇಳುತ್ತಾರೆ. ಹಲಗೆ ಬಳಪ ಹಿಡಿಯದೆ, ಬರೆದದ್ದನ್ನು ಅಳಿಸದೆ ಕಾವ್ಯ ಮುಗಿಸಿದೆ ಎಂಬ ಹೆಮ್ಮೆ ಕುಮಾರವ್ಯಾಸನಿಗೆ ಸಲ್ಲುತ್ತದೆ. ಉಳಿದ ನಾವೆಲ್ಲ ಅಳಿಸಿ ಬರೆಯುವವರು. ಪದ ಹಿಂದೆ ಮುಂದೆ ಮಾಡಿ, ವಾಕ್ಯ ಮುರಿದು, ಒಂದು ಪ್ರತ್ಯಯ ಕಿತ್ತು ಇನ್ನೊಂದು ಹಾಕಿ ಮುಟ್ಟುವ ಅರ್ಥ ಬರವಣಿಗೆಯದು. ಆ ತಿದ್ದಾಟದ ಹಕ್ಕು ದೃಷ್ಟಿಯಿಲ್ಲದವರಿಗೂ ಇರಬೇಕು, ಅದೂ ಯಾರ ಹಂಗಿಲ್ಲದೆ.

ಮೈಕಿನ ಪಕ್ಷಕ್ಕಿಂತ ಜಾಣರಾದ ಇನ್ನೊಂದು ಪಕ್ಷದವರಿದ್ದಾರೆ. ಅವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಒತ್ತಿದರೆ ಯಂತ್ರ ಲಿಪಿ ಬದಲಿಸುತ್ತದೆ, ಅದನ್ನೇ ಕಲಿಸೋಣ ಎನ್ನುತ್ತಾರೆ. 2019ರ ಮೇ ತಿಂಗಳಿನ ವಿಂಡೋಸ್ ಪರಿಷ್ಕರಣೆಯಲ್ಲಿ ಕನ್ನಡಕ್ಕೂ ಇಂಥ ಫೊನೆಟಿಕ್ ವಿನ್ಯಾಸ ಬಂದಿದೆ. ಕಣ್ಣಿದ್ದವರಿಗೆ ಅದು ಸುಲಭವಿರಬಹುದು. ಕೇಳಿ ಬರೆಯುವವರಿಗೆ ಅಲ್ಲಿ ಒತ್ತುವುದಕ್ಕೂ ಮೂಡುವುದಕ್ಕೂ ಕೇಳುವುದಕ್ಕೂ ತಾಳ ತಪ್ಪುತ್ತದೆ. ಕೆ ಒತ್ತುತ್ತೀರಿ, ಎಚ್ ಒತ್ತುತ್ತೀರಿ, ಎ ಒತ್ತುತ್ತೀರಿ. ಪರದೆಯ ಮೇಲೆ ಮೊದಲು ಒಂದು ರೂಪ, ಆಮೇಲೆ ಇನ್ನೊಂದು, ಕೊನೆಗೆ ಪಟ್ಟಿಯೊಂದು ತೆರೆದು ‘ಇವುಗಳಲ್ಲಿ ಯಾವುದು?’ ಎನ್ನುತ್ತದೆ. ಆ ಪಟ್ಟಿ ಕಣ್ಣಿಗಾಗಿ ಮಾಡಿದ್ದು. ರೀಡರ್ ಅದನ್ನು ಓದಿದರೂ ಒಂದೊಂದು ಪದಕ್ಕೂ ನಿಂತು ನಿಂತು ಆರಿಸಿಕೊಳ್ಳಬೇಕು, ಓದದಿದ್ದರೆ ಊಹಿಸಬೇಕು. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ದಾರಿ ತೋರಿದ ಕೆ.ಪಿ. ರಾವ್ ಅವರ ತರ್ಕದಿಂದ ಬೆಳೆದು ಕನ್ನಡ ಗಣಕ ಪರಿಷತ್ತಿನ ಮೂಲಕ ನೆಲೆಗೊಂಡ ಕಗಪ ವಿನ್ಯಾಸದ ಮಾತು ಬೇರೆ. ಅಲ್ಲಿ ಊಹೆಯಿಲ್ಲ, ಪಟ್ಟಿಯಿಲ್ಲ, ಒತ್ತಿದ್ದು ನೇರ ಮೂಡುತ್ತದೆ. ಕೀಲಿಮಣೆಯನ್ನು ಇಂಗ್ಲಿಷಿನಿಂದ ಶುರುಮಾಡಿದ ದೊಡ್ಡವರಿಗೆ ಅದೇ ಹಿತವೆನಿಸಿದರೆ ಅದನ್ನೇ ಕಲಿಯಲಿ. ಲಿನಕ್ಸಿನಲ್ಲಿ ಅದು ಸಿಸ್ಟಮ್ಮಿನ ಜೊತೆಗೇ ಸಿಗುತ್ತದೆ. ಮಕ್ಕಳಿಗೆ ಮಾತ್ರ ಇನ್‌ಸ್ಕ್ರಿಪ್ಟೇ ಮೇಲು ಎಂಬುದು ನನ್ನ ಮತ. ಒಮ್ಮೆ ಬೆರಳಿಗೆ ಬಂದರೆ ಅದೇ ಜಾಗಗಳಲ್ಲಿ ಹಿಂದಿಯೂ ತೆಲುಗೂ ಸಿಗುತ್ತವೆ. ಇಂಗ್ಲಿಷ್ ಬಾರದೆ ಕನ್ನಡ ಬರೆಯಲಾಗದು ಎಂಬ ಅವಮಾನವೂ ಮಗುವಿಗೆ ತಟ್ಟುವುದಿಲ್ಲ.

ಇನ್ನು ಇಂಗ್ಲಿಷಿನ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆಂಗಳೂರಿನಲ್ಲಿ ಕೆಲಸ ಸಿಗುವುದು ಇಂಗ್ಲಿಷ್ ಬಂದರೆ. ತರಬೇತಿಯ ತಿಂಗಳುಗಳು ಕಡಿಮೆ. ಇರುವ ಸಮಯವನ್ನು ಅನ್ನ ಕೊಡುವ ಭಾಷೆಗೆ ಕೊಡೋಣ ಎನ್ನುವ ತರಬೇತುದಾರರ ಕಳಕಳಿ ಸುಳ್ಳಲ್ಲ. ಇಂಗ್ಲಿಷ್ ಧ್ವನಿಗಳು ವೇಗಕ್ಕೆ ಪಳಗಿವೆ. ಅನುಭವಿಗಳು ಅವನ್ನು ಬೇರೆಯವರಿಗೆ ತಿಳಿಯದಷ್ಟು ವೇಗದಲ್ಲಿ ಕೇಳಿ ಅರ್ಥಮಾಡಿಕೊಳ್ಳುತ್ತಾರೆ. ಕನ್ನಡದ ಧ್ವನಿಗಳನ್ನು ಅಷ್ಟು ವೇಗಕ್ಕೆ ಏರಿಸಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಇದು ಇವತ್ತಿನ ಸ್ಥಿತಿ, ಒಪ್ಪುತ್ತೇನೆ. ಆದರೆ ಕನ್ನಡವನ್ನು ದಿನವಿಡೀ ಕೇಳಿ, ಕನ್ನಡದಲ್ಲಿ ದಿನವಿಡೀ ಒತ್ತಿ, ‘ಇಲ್ಲಿ ಲ ಮತ್ತು ಳ ಬೇರೆಯಾಗಿ ಕೇಳುತ್ತಿಲ್ಲ, ಸರಿಮಾಡಿ’ ಎಂದು ಜಗಳ ಮಾಡುವ ಬಳಕೆದಾರರೇ ಇಲ್ಲದಿದ್ದರೆ ಆ ಧ್ವನಿಗಳು ಸುಧಾರಿಸುವುದು ಯಾವಾಗ? ಬಳಕೆ ಇಲ್ಲವೆಂದು ಧ್ವನಿ ಸುಧಾರಿಸುವುದಿಲ್ಲ, ಧ್ವನಿ ಚೆನ್ನಾಗಿಲ್ಲವೆಂದು ಬಳಕೆ ಕಲಿಸುವುದಿಲ್ಲ. ಈ ಸುತ್ತನ್ನು ತರಬೇತಿ ಕೇಂದ್ರಗಳೇ ಮುರಿಯಬೇಕು.

ಮತ್ತೆ, ಅನ್ನ ಇಂಗ್ಲಿಷಿನಲ್ಲಷ್ಟೇ ಇದೆಯೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಶೇ 4ನ್ನು ಅಂಗವಿಕಲರಿಗೆ ಮೀಸಲಿಟ್ಟಿದೆ, ಅದರಲ್ಲಿ ಶೇ 1 ಅಂಧರಿಗೂ ಮಂದದೃಷ್ಟಿಯವರಿಗೂ. ಕರ್ನಾಟಕದಲ್ಲಿ ಆ ಹುದ್ದೆಗಳ ಆಡಳಿತ ಭಾಷೆ ಕನ್ನಡ. ಗ್ರಾಮ ಪಂಚಾಯಿತಿಯ ನಡವಳಿ, ಶಾಲೆಯ ಪ್ರಶ್ನೆಪತ್ರಿಕೆ, ತಾಲ್ಲೂಕು ಕಚೇರಿಯ ಟಿಪ್ಪಣಿ ಎಲ್ಲ ಕನ್ನಡದಲ್ಲಿ. ದೃಷ್ಟಿಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಗೆ ಅನರ್ಹರೆನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ನಮ್ಮ ತಾಲ್ಲೂಕು ನ್ಯಾಯಾಲಯಕ್ಕೆ ನಾಳೆ ಅಂಥ ಒಬ್ಬರು ಬಂದು ಕೂತಾಗ ಸಾಕ್ಷಿಯ ಕನ್ನಡದ ಹೇಳಿಕೆಯನ್ನು ಅಕ್ಷರಬಿಡದೆ ಪರೀಕ್ಷಿಸಬೇಕು, ಕಾನೂನಿನ ಇಂಗ್ಲಿಷ್ ಪದಗಳನ್ನು ನಡುನಡುವೆ ಹಾಕಬೇಕು, ತಮ್ಮ ಆದೇಶವನ್ನು ತಾವೇ ತಿದ್ದಬೇಕು. ಎರಡು ವಿನ್ಯಾಸ ಗೊತ್ತಿಲ್ಲದೆ ಅದು ಆಗುವ ಕೆಲಸವಲ್ಲ. ನ್ಯಾಯಾಧೀಶರ ಮಾತಿರಲಿ, ನಮ್ಮ ಪ್ರೌಢಶಾಲೆಗಳಲ್ಲಿ ಕನ್ನಡವನ್ನೇ ಕಲಿಸುತ್ತಿರುವ ದೃಷ್ಟಿಯಿಲ್ಲದ ಶಿಕ್ಷಕರಿದ್ದಾರೆ. ಕನ್ನಡದ ಮೇಷ್ಟರು ತಮ್ಮ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಸ್ಥಿತಿ ಯಾರಿಗೂ ನಾಚಿಕೆ ತರುವುದಿಲ್ಲವೇ?

ಕನ್ನಡದ ಅಭಿಮಾನಿಗಳ ಪಾತ್ರವನ್ನೂ ಹೇಳಲೇಬೇಕು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಹಿಂದೆ ದುಡಿದವರ ಋಣ ದೊಡ್ಡದು: 1998ರಲ್ಲಿ ‘ಬರಹ’ ಕೊಟ್ಟ ಶೇಷಾದ್ರಿವಾಸು, ‘ನುಡಿ’ ಕಟ್ಟಿದ ಗಣಕ ಪರಿಷತ್ತು, ಅವರಿಗೂ ಮೊದಲು ದಾರಿ ತೋರಿದ ಕೆ.ಪಿ. ರಾವ್. ಆ ಕಾಲದ ಮಿತಿಯಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಜಾಗದಲ್ಲಿ ಕೂರಿಸಿದ ಆಸ್ಕಿ ಫಾಂಟುಗಳು ಬೇಕಾಗಿದ್ದವು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದಿಟ್ಟ ಕಡತವನ್ನು ಸ್ಕ್ರೀನ್ ರೀಡರಿಗೆ ಕೊಟ್ಟರೆ ಅದು ಓದುವುದು: ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಗೆರೆಯ ಎ. ಕನ್ನಡ ಎಂಬ ಹೆಸರೇ ಕನ್ನಡಿಗನ ಕಿವಿಗೆ ಹೀಗೆ ಬೀಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ನೆಲೆ ಸಿಕ್ಕಿ ಮೂರು ದಶಕ ದಾಟಿದೆ. ಆದರೂ ಎಷ್ಟೋ ಮುದ್ರಣಾಲಯಗಳಲ್ಲಿ, ಪ್ರಕಾಶಕರಲ್ಲಿ, ಕಚೇರಿಗಳಲ್ಲಿ ಕಡತಗಳು ಇನ್ನೂ ಆಸ್ಕಿಯಲ್ಲೇ ಹುಟ್ಟುತ್ತಿವೆ. ಆದೇಶಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಬರುತ್ತವೆ. ಚಿತ್ರದಿಂದ ಅಕ್ಷರ ತೆಗೆಯಲು ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ಯನ್ನು ಕಟ್ಟಿತು. ಹಳೆಯ ಪುಸ್ತಕಗಳಿಗೆ ಅಂಥ ತಂತ್ರಾಂಶ ಅಮೂಲ್ಯ. ನಿನ್ನೆ ಕಂಪ್ಯೂಟರಿನಲ್ಲೇ ಹುಟ್ಟಿದ ಸುತ್ತೋಲೆಗೂ ಅದು ಬೇಕಾಗುವಂತೆ ಮಾಡಿಟ್ಟಿದ್ದೇವೆ. ಅಂಗಡಿಯ ನಾಮಫಲಕದಲ್ಲಿ ಶೇ 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ತಿದ್ದಿದ ರಾಜ್ಯ ನಮ್ಮದು. ಬೀದಿಬೀದಿಯಲ್ಲಿ ಆ ಫಲಕಗಳಿಗಾಗಿ ಹೋರಾಡಿದವರು, ಫಲಕ ಕಾಣದ ಕನ್ನಡಿಗರಿಗೆ ಸರಕಾರಿ ಕಡತದ ಕನ್ನಡ ಕೇಳಿಸುತ್ತದೆಯೇ ಎಂದು ಒಮ್ಮೆಯಾದರೂ ವಿಚಾರಿಸಬೇಕು.

ಪರೀಕ್ಷೆಯ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದ್ದು. ಕನ್ನಡ ಪತ್ರಿಕೆಯನ್ನು ಅಂಧ ವಿದ್ಯಾರ್ಥಿ ಲಿಪಿಕಾರರ ಕೈಯಲ್ಲಿ ಬರೆಸುತ್ತಾನೆ. ಲಿಪಿಕಾರರ ಕಾಗುಣಿತವೇ ಅವನ ಕಾಗುಣಿತವಾಗುತ್ತದೆ, ಅವರ ಸೋಮಾರಿತನವೇ ಅವನ ಅಂಕವಾಗುತ್ತದೆ. ಲಿಪಿಕಾರರು ಬೇಕಾದವರಿಗೆ ಇರಲಿ. ಅದು ಹೋರಾಡಿ ಪಡೆದ ಹಕ್ಕು, ಕಿತ್ತುಕೊಳ್ಳಬಾರದು. ಸ್ವತಃ ಬರೆಯಬಲ್ಲೆ ಎನ್ನುವವರಿಗೆ ಕನ್ನಡ ವಿನ್ಯಾಸ, ಕನ್ನಡ ಧ್ವನಿ, ಸ್ಕ್ರೀನ್ ರೀಡರ್ ಇರುವ ಕಂಪ್ಯೂಟರ್ ಕೊಡುವುದಕ್ಕೆ ಏನು ಅಡ್ಡಿ? ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಅಡಗಿದೆ ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಹೇಳಿಯಾಗಿದೆ. ಆ ಅವಕಾಶ ಇಂಗ್ಲಿಷಿನಲ್ಲಿ ಮಾತ್ರ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ದುಡ್ಡಿನ ನೆಪ ಹೇಳುವವರಿಗೆ ಉತ್ತರ ಚಿಕ್ಕದು. ಎನ್‌ವಿಡಿಎಗೆ ಬೆಲೆಯಿಲ್ಲ. ಇನ್‌ಸ್ಕ್ರಿಪ್ಟ್ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಮೊದಲೇ ಇದೆ. ಈಸ್ಪೀಕಿನ ಕನ್ನಡ ಧ್ವನಿಗೂ ಬೆಲೆಯಿಲ್ಲ. ಬೇಕಿರುವುದು ಕಲಿಸುವವರು: ಬ್ರೈಲಿನ ಕನ್ನಡದಿಂದ ಕೀಲಿಮಣೆಯ ಕನ್ನಡಕ್ಕೆ ಮಗುವನ್ನು ಕರೆದೊಯ್ಯಬಲ್ಲ ಶಿಕ್ಷಕರು, ಇಂಗ್ಲಿಷಿಗೂ ಮೊದಲು ಅಥವಾ ಇಂಗ್ಲಿಷಿನ ಜೊತೆಜೊತೆಗೇ ಎರಡನೆಯ ವಿನ್ಯಾಸವನ್ನು ಪರಿಚಯಿಸುವವರು. ಬೇಕಿರುವುದು ಕನ್ನಡದಲ್ಲೇ ಬರೆದ, ಕೇಳಿ ಕಲಿಯಬಹುದಾದ ಒಂದು ಕೈಪಿಡಿ. ಅದರಲ್ಲಿ ಬಾಣದ ಕೀಲಿ ಹಲವು ಕಡೆ ಇಡೀ ಗುಣಿತಾಕ್ಷರವನ್ನು ಒಮ್ಮೆಗೇ ದಾಟುತ್ತದೆ, ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತ ಅಳಿಸುತ್ತದೆ ಎಂಬಂಥ ಕನ್ನಡಕ್ಕೇ ಸೇರಿದ ಸೂಕ್ಷ್ಮಗಳಿರಬೇಕು. ‘ಕಮಲದ ಕ, ಖಡ್ಗದ ಖ’ ಎಂದು ಅಕ್ಷರ ಬಿಡಿಸಿ ಹೇಳುವ ನಮ್ಮ ಹಳೆಯ ಪದ್ಧತಿ ಪ್ರತಿ ಸ್ಕ್ರೀನ್ ರೀಡರಿನ ಕನ್ನಡಕ್ಕೂ ಬರಬೇಕು. ಕನ್ನಡಕ್ಕೆ ತಂತ್ರಾಂಶ ಮಾಡುವ ಯಾರೇ ಆಗಲಿ, ವಿನ್ಯಾಸ ಬದಲಾದದ್ದು ಕಿವಿಗೆ ಕೇಳುವುದೇ ಎಂದು ದೃಷ್ಟಿಯಿಲ್ಲದ ಒಬ್ಬರನ್ನು ಕೂರಿಸಿ ಪರೀಕ್ಷಿಸದೆ ಬಿಡುಗಡೆ ಮಾಡಬಾರದು. ಇದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಯೋಜನಾ ವರದಿ ಬೇಕಿಲ್ಲ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕಂಪ್ಯೂಟರ್ ಕೋಣೆಯ ಎಲ್ಲ ಯಂತ್ರಗಳಿಗೂ ಕನ್ನಡ ವಿನ್ಯಾಸ ಸೇರಿಸಿ, ಧ್ವನಿ ಹೊಂದಿಸಿ ಇಡುವುದು ಒಬ್ಬ ಶಿಕ್ಷಕರಿಗೆ ಒಂದು ಮಧ್ಯಾಹ್ನದ ಕೆಲಸ.